ಗಚ್ಚು ದನಿ ಬಿಟ್ಟ ದಿನ

ಬಶೀರಾಬಾದಿನ ನಮ್ಮ ಬುದ್ಧವಿಹಾರದ ಮಾಳಿಗೆ ಸೀಳಿದ್ದಕ್ಕೆ ಓಣಿಯೆಲ್ಲ ಸಾಯಮ್ಮನ ಹೆಸರು ಹೇಳುತ್ತದೆ. ಅದರಲ್ಲಿ ನನ್ನ ಪಾಲೂ ಇದೆ ಎಂದು ಅವಳೊಬ್ಬಳನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ. ನಾನು ವಿಹಾರ ಕಮಿಟಿಯ ಕಾರ್ಯದರ್ಶಿ. ಗೊತ್ತಿದ್ದದ್ದನ್ನು ಬಾಯಿ ಬಿಟ್ಟು ಹೇಳಿ ಎಂದು ಮೂವತ್ತು ವರ್ಷ ಮಕ್ಕಳಿಗೆ ಗದರಿದ ಮಾಸ್ತರ ಬೇರೆ.

ಸಾಯಮ್ಮನಿಗೆ ಎಪ್ಪತ್ತರ ಹತ್ತಿರ. ಹನ್ನೆರಡಕ್ಕೇ ಅವ್ವನ ಜೊತೆ ಗಚ್ಚು ಬಡಿಯಲು ಹೋದವಳು. ಸುಣ್ಣ, ಇಟ್ಟಿಗೆ ಚೂರು ಕಲಸಿದ ಈ ಗಾರೆಯನ್ನು ಮಾಳಿಗೆಯ ಚಾವಣಿಗೆ ಹಾಸುತ್ತಾರೆ. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ ಹೆಂಗಸರು ಸಾಲಾಗಿ ಕೂತು ಕಟ್ಟಿಗೆಯ ಕೊಡತಿಯಿಂದ ದಿನಗಟ್ಟಲೆ ಬಡಿಯುತ್ತಾರೆ. ಮೊದಮೊದಲು ಹಸಿ ಮಣ್ಣಿಗೆ ಬಡಿದಂತೆ ಡಬಡಬ ಸದ್ದು. ಒಂದು ಹೊತ್ತಿನಲ್ಲಿ ಗಚ್ಚು ದನಿ ಬಿಡುತ್ತದೆ, ಕಂಚಿನ ತಾಟಿಗೆ ತಾಗಿದ ಹಾಗೆ. ಅಲ್ಲಿಗೆ ಕೊಡತಿ ನಿಲ್ಲಬೇಕು. ಅದಕ್ಕೆ ಮೊದಲೇ ನಿಲ್ಲಿಸಿದರೆ ಮಾಳಿಗೆ ಸೋರುತ್ತದೆ, ಆಮೇಲೂ ಬಡಿದರೆ ಸೀಳುತ್ತದೆ. ಸಾಕು ಅನ್ನುವುದು ಸಾಲಿನ ಹಿರಿಯಳೊಬ್ಬಳೇ. ಬೇರೆ ಯಾರೂ ಬಾಯಿ ಹಾಕುವಂತಿಲ್ಲ, ಅದು ಮೊದಲಿನಿಂದ ಬಂದ ಕಟ್ಟಳೆ.

ಸುತ್ತಲಿನ ದೊಡ್ಡ ಜಾತಿಯವರ ವಾಡೆಗಳ ಮಾಳಿಗೆಯನ್ನೆಲ್ಲ ಹೀಗೆ ಬಡಿದಳು. ಒಂದರ ಒಳಗೂ ಅವಳನ್ನು ಬಿಟ್ಟುಕೊಂಡಿರಲಿಲ್ಲ. ಹೊರಗಿನ ನಿಚ್ಚಣಿಕೆಯಿಂದ ಹತ್ತುವುದು, ಹೊರಗಿನಿಂದಲೇ ಇಳಿಯುವುದು. ಆಮೇಲೆ ಸ್ಲ್ಯಾಬು ಬಂತು, ಗಚ್ಚಿನ ಕೆಲಸ ನಿಂತಿತು. ಸಾಯಮ್ಮ ತಾಂಡೂರಿಗೆ ಹೋಗಿ ಬಂಡೆಗೆ ಪಾಲಿಶ್ ಮಾಡುವ ಫ್ಯಾಕ್ಟರಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದಳು.

ವಿಹಾರದ ನಕಾಶೆ ಬರೆದವಳು ನಮ್ಮ ಓಣಿಯದೇ ಹುಡುಗಿ ಶಿಲ್ಪಾರಾಣಿ, ಜಹೀರಾಬಾದಿನಲ್ಲಿ ಇಂಜಿನಿಯರು. ಕಾಂಕ್ರೀಟಿನ ಕಂಬ, ಉಕ್ಕಿನ ತೊಲೆ, ಅದರ ಮೇಲೆ ತಾಂಡೂರಿನ ಬಂಡೆ, ಎಲ್ಲಕ್ಕೂ ಮೇಲೆ ಹಳೆಯ ಗಚ್ಚು. ಬೇಸಿಗೆಯಲ್ಲಿ ತಂಪಿರುತ್ತದೆ, ನಮ್ಮವರ ಕಸುಬೂ ಉಳಿಯುತ್ತದೆ ಎಂದಳು. ಕಮಿಟಿಯವರು ಮೂಗು ಮುರಿದರು. ಕೆಟ್ಟರೆ ಸ್ಲ್ಯಾಬು ಹಾಕಿ, ಮತ್ತೆ ಮಾತಾಡುವುದಿಲ್ಲ ಎಂದು ಅವಳೇ ಮಾತು ಕೊಟ್ಟ ಮೇಲೆ ಒಪ್ಪಿದರು. ಗಚ್ಚು ಬಲ್ಲವಳು ಸಾಯಮ್ಮ ಒಬ್ಬಳೇ ಉಳಿದಿದ್ದಳು. ಕರೆಯಲು ಹೋದಾಗ ನನ್ನ ಬಾಯಿಯನ್ನೇ ದಿಟ್ಟಿಸಿ ನೋಡಿ ಹೇಳಿದಳು:

"ಇದೊಂದು ಮಾಳಿಗಿ ಕೆಳಗಾದ್ರೂ ನಾ ಕೂಡ್ತೀನ್ರಿ, ಮಾಸ್ತರ."

ಅವಳ ಸಾಲಿನಲ್ಲಿ ಎಂಟು ಮಂದಿ ಹೆಂಗಸರು ಕೂತರು, ಎಲ್ಲರೂ ಹೊಸಬರು. ಐದನೆಯ ದಿನ ಮಧ್ಯಾಹ್ನ ಚಹಾ ತಗೊಂಡು ಮೇಲೆ ಹತ್ತಿದಾಗ ನನ್ನ ಕಿವಿಗೆ ಸದ್ದು ಬೇರೆಯಾಗಿ ಕೇಳಿತು. ಠಣ್ಣನೆ, ಸ್ವಚ್ಛವಾಗಿ. ಸಾಯಮ್ಮನ ಕಡೆ ನೋಡಿದೆ. ಅವಳು ತಲೆ ತಗ್ಗಿಸಿ ಬಡಿಯುತ್ತಲೇ ಇದ್ದಳು. ಇಬ್ಬರು ಹೆಂಗಸರು ಕೈ ನಿಲ್ಲಿಸಿ ಅವಳ ಮುಖ ನೋಡಿ ಮತ್ತೆ ಬಡಿದರು. ಹನ್ನೆರಡಕ್ಕೇ ಕೊಡತಿ ಹಿಡಿದ ಕಸುಬುದಾರಳಿಗೆ ತಿಳಿಯದ್ದು ಸೀಮೆಸುಣ್ಣ ಹಿಡಿದ ನನಗೇನು ತಿಳಿದೀತು ಎಂದುಕೊಂಡು ಚಹಾದ ಖಾಲಿ ಕಪ್ಪುಗಳನ್ನು ತಗೊಂಡು ಕೆಳಗಿಳಿದೆ. ದೊಡ್ಡ ವಿನಯವಂತ ನಾನು!

ಏಳನೆಯ ದಿನ ಬೆಳಗ್ಗೆ ಗೋಡೆಯಿಂದ ಗೋಡೆಗೆ ಬಿರುಕು ಓಡಿತ್ತು. ಸಾಯಮ್ಮ ಬಗ್ಗಿ ಅದರ ಮೇಲೆ ಬೆರಳಾಡಿಸಿದಳು. ನನ್ನ ಕಡೆ ತಿರುಗಿ ದನಿ ಬಂದಿತ್ತೇ ಎಂದು ಕೇಳಿದಳು. ಮೊನ್ನೆ ಮಧ್ಯಾಹ್ನ ಬಂದಿತ್ತು ಎಂದೆ. ನನ್ನ ತುಟಿ ನೋಡಿಯೇ ಅವಳಿಗೆ ತಿಳಿಯಿತು.

"ಕಿವಿ ಹೋಗ್ಯಾವ್ರಿ. ಫ್ಯಾಕ್ಟರಿ ಮಶೀನು ತಿಂದು ಹಾಕ್ಯಾದ. ಹೇಳಿದ್ರ ನೀವು ಕೊಡತಿ ಕಸಗೊಂತಿದ್ರಿ. ಕೈಗಾದ್ರೂ ತಿಳೀತದ ಅಂದ್ಕೊಂಡಿದ್ದೆ."

ಒಡೆದು ಮತ್ತೆ ಹಾಕೋಣ, ಕೂಲಿ ಬೇಡ, ಒಬ್ಬಳೇ ಬಡಿಯುತ್ತೇನೆ, ಪಕ್ಕದಲ್ಲಿ ಯಾರಾದರೂ ಕೂತು ದನಿ ಬಂದಾಗ ನನ್ನ ಭುಜ ಮುಟ್ಟಿದರೆ ಸಾಕು ಎಂದು ಕಮಿಟಿಯವರ ಮನೆಮನೆಗೆ ಹೋಗಿ ಬೇಡಿಕೊಂಡಳು. ಶಿಲ್ಪಾರಾಣಿ ಕೊಟ್ಟ ಮಾತನ್ನು ನುಂಗಿ ಅವಳ ಜೊತೆ ತಿರುಗಿದಳು. ಯಾರೂ ಕೇಳಲಿಲ್ಲ. ಐದನೆಯ ದಿನ ನಾನು ಸುಮ್ಮನಿದ್ದದ್ದನ್ನು ಕಮಿಟಿಯ ಮುಂದೆ ನಾನೂ ಹೇಳಲಿಲ್ಲ, ಹೇಳುವ ಧೈರ್ಯ ಬರಲಿಲ್ಲ. ಗಚ್ಚು ಕಿತ್ತು ಸ್ಲ್ಯಾಬು ಹಾಕಿದರು.

ಹುಣ್ಣಿಮೆ ದಿನ ಬೆಳಗಿನ ಬುದ್ಧವಂದನೆಗೆ ಸಾಯಮ್ಮ ಬರುತ್ತಾಳೆ, ಆದರೆ ಒಳಗೆ ಬರುವುದಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಬಿಸಿಲಲ್ಲಿ ಕೂಡುತ್ತಾಳೆ. ಎಷ್ಟು ಕರೆದರೂ ಇಲ್ಲ. ಹೋದ ಹುಣ್ಣಿಮೆಗೆ ನಾನೂ ಹೋಗಿ ಅವಳ ಪಕ್ಕ ಕೂತೆ. ನಾನು ಕೇಳಿದ್ದೆ, ಹೇಳಬೇಕಿತ್ತು, ತಪ್ಪು ನನ್ನದು ಎಂದೆ. ಅವಳು ಸಿಟ್ಟಾಗಲಿಲ್ಲ. ಆಸೆಯಿಂದ ನನ್ನ ಮುಖ ನೋಡಿದಳು.

"ನೀವು ಕೇಳೀರಲ್ರಿ. ಹೆಂಗಿತ್ತು ಅದು? ಛಲೋ ಬಂದಿತ್ತೇನು?"

ಛಲೋ ಬಂದಿತ್ತು ಎಂದೆ. ಅಷ್ಟು ತುಟಿಯಿಂದಲೇ ಅವಳಿಗೆ ತಿಳಿಯಿತು. ಹೆಂಗಿತ್ತು ತೋರಿಸಿರಿ ಎಂದಳು. ಠಣ್ ಎಂದೆ. ಅವಳ ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ, ಒಳಗಿನವರೆಲ್ಲ ತಿರುಗಿ ನೋಡುವಷ್ಟು. ಸಾಯಮ್ಮ ಹಿಂದೆ ಸರಿದು ನನ್ನ ತುಟಿಗಳನ್ನೇ ನೋಡುತ್ತ, ಇನ್ನೊಮ್ಮೆ ಅನ್ನಿರಿ ಎಂದಳು.