ಪಟ್ಟಿಯಲ್ಲಿಲ್ಲದ ಪ್ರಶ್ನೆ

ಸಿದ್ಧ ಉಡುಪಿನ ಕಾರ್ಖಾನೆಯ ಎದುರಿನ ಓಣಿಯಲ್ಲಿ, ಒಂದು ಬಾಡಿಗೆ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಇಂಗ್ಲಿಷ್ ಹೇಳಿಕೊಡುತ್ತಿದ್ದವರನ್ನು ಎಲ್ಲರೂ ಪಟ್ಟಿ ಮೇಷ್ಟ್ರು ಎನ್ನುತ್ತಿದ್ದರು. ಪಾಳಿ ಮುಗಿಸಿ ಬರುವ ಹೆಂಗಸರಿಗೆ ಸೂಪರ್‌ವೈಸರ್ ಪರೀಕ್ಷೆಯ ಪಾಠ. ‘ಗಿವ್ ಅಪ್’ನಂಥ ಫ್ರೇಸಲ್ ವರ್ಬ್‌ಗಳ ಪಾಠ ಬಂದಾಗ ಮೇಷ್ಟ್ರು ತಮ್ಮ ಗುರುಗಳಿಂದ ನಕಲು ಮಾಡಿಕೊಂಡ ನೋಟುಪುಸ್ತಕ ತೆರೆದು ಇನ್ನೂರ ಹನ್ನೆರಡನ್ನೂ ಬರೆಸುತ್ತಿದ್ದರು. ಪಟ್ಟಿಯಲ್ಲಿದ್ದರೆ ಹೌದು, ಇಲ್ಲದಿದ್ದರೆ ಅಲ್ಲ.

ಒಂದು ಸಂಜೆ ಕಾಲರ್ ಹೊಲಿಯುವ ಹೆಂಗಸು ಎದ್ದು ನಿಂತಳು.

“ಸರ್, ‘ಗಿವ್ ಅಪ್’ ಪಟ್ಟಿಲಿದೆ. ‘ಗೋ ಅಪ್ ದ ಸ್ಟೇರ್ಸ್’ ಇಲ್ಲ. ಎರಡರಲ್ಲೂ ‘ಅಪ್’ ಇದೆಯಲ್ಲ? ಯಾವುದು ಸೇರುತ್ತೆ, ಯಾವುದು ಸೇರಲ್ಲ ಅಂತ ನಾವೇ ಹೇಗೆ ತಿಳ್ಕೊಳ್ಳೋದು?”

ಮೇಷ್ಟ್ರಿಗೆ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ, ಅವರೂ ತಮ್ಮ ಗುರುಗಳನ್ನು ಕೇಳಿರಲಿಲ್ಲ. ಕಿವಿ ಬಿಸಿಯಾಯಿತು.

“ಮೊದಲು ಕಾಲರ್ ನೆಟ್ಟಗೆ ಕೂರಿಸೋದು ಕಲಿ. ಪಟ್ಟಿ ಬಾಯಿಪಾಠ ಮಾಡು ಅಂದ್ರೆ ನನಗೇ ಪರೀಕ್ಷೆ ಇಡ್ತೀಯಲ್ಲ!”

ಹದಿನಾರು ಹೆಂಗಸರು ಗೊಳ್ಳೆಂದರು. ಅವಳೂ ನಗಲು ನೋಡಿದಳು. ಪೆನ್ನಿಗೆ ಮುಚ್ಚಳ ಹಾಕಿದಳು. ಮರುದಿನದಿಂದ ಬರಲಿಲ್ಲ.

ಮೂರು ವಾರ ಕಳೆದ ಮೇಲೆ ಮೇಷ್ಟ್ರು ಗ್ರಂಥಾಲಯಕ್ಕೆ ಹೋಗಿ ದಪ್ಪ ವ್ಯಾಕರಣ ಪುಸ್ತಕ ತೆಗೆದರು. ಕ್ರಿಯಾಪದವೂ ‘ಅಪ್’ನಂಥ ಪುಟ್ಟ ಪದವೂ ಬೆರೆತು ಒಂದೇ ಕ್ರಿಯೆಯಾದರೆ ಅದು ಫ್ರೇಸಲ್ ವರ್ಬ್. ಬಹಳ ಸಲ ಅರ್ಥವೂ ಬೇರೆಯಾಗುತ್ತದೆ: ‘ಗಿವ್’ ಎಂದರೆ ಕೊಡು, ‘ಗಿವ್ ಅಪ್’ ಎಂದರೆ ಕೈಬಿಡು. ಮೆಟ್ಟಿಲು ಹತ್ತುವಾಗಿನ ‘ಅಪ್’ ಮೆಟ್ಟಿಲಿನ ಜೊತೆಗೇ ಉಳಿದು ದಾರಿ ತೋರಿಸುತ್ತದೆ, ಅಷ್ಟೇ. ಎಲ್ಲ ಕಡೆ ಗೆರೆ ಇಷ್ಟು ಸ್ಪಷ್ಟವಲ್ಲ, ಪಂಡಿತರಿಗೇ ಒಮ್ಮತವಿಲ್ಲ ಎಂದೂ ಬರೆದಿತ್ತು. ಆ ರಾತ್ರಿ ಊಟಕ್ಕೆ ಕೂತವರು ಅನ್ನ ಕಲಸುತ್ತಲೇ ಇದ್ದರು.

“ತಟ್ಟೆ ಮುಂದೆ ಏನ್ರೀ ತಪಸ್ಸು?” ಎಂದಳು ಹೆಂಡತಿ. ಅವರು ನಡೆದದ್ದು ಹೇಳಿದರು.

“ಹೋಗಿ ಹೇಳಿ ಬನ್ನಿ. ಆಡಿದ ಬಾಯಿ ನಿಮ್ಮದೇ ತಾನೆ?”

ಮರುದಿನ ಕಾರ್ಖಾನೆಯ ಗೇಟಿನಲ್ಲಿ ಚಹಾದ ಬಿಡುವಿಗೆ ಕಾದರು. ಅವಳು ಬಂದಳು, ಭುಜದ ಮೇಲೆ ದಾರದ ಎಳೆಗಳು.

“ಅವತ್ತು ನೀವು ಕೇಳಿದ್ದು ನನಗೇ ಗೊತ್ತಿರಲಿಲ್ಲಮ್ಮ. ಅದನ್ನ ಮುಚ್ಚಿಕೊಳ್ಳೋಕೆ ನಿಮ್ಮನ್ನ ಹಂಗಿಸಿದೆ. ತಪ್ಪಾಯ್ತು. ಕ್ಲಾಸಿಗೆ ಬನ್ನಿ.”

“ಪರೀಕ್ಷೆಗೆ ಅರ್ಜಿ ಕೊಡೋ ದಿನ ಹೋದ ವಾರನೇ ಮುಗೀತು ಸರ್. ನಾನು ಹಾಕಲಿಲ್ಲ. ಇಷ್ಟೂ ತಿಳಿಯದವಳು ನಾನೊಬ್ಬಳೇ ಅಂದ್ಕೊಂಡೆ.”

“ಮತ್ತೆ ಯಾವಾಗ?”

“ಎರಡು ವರ್ಷಕ್ಕೆ.”

ಮೇಷ್ಟ್ರು ಮತ್ತೆ ‘ತಪ್ಪಾಯ್ತು’ ಎಂದರು.

“ನನ್ನೊಬ್ಬಳ ಹತ್ರ ಹೇಳಿದ್ರೆ ಏನ್ ಬಂತು ಸರ್? ನಕ್ಕೋರು ಕ್ಲಾಸಲ್ಲಿದ್ದಾರೆ.”

ಗಂಟೆ ಹೊಡೆಯಿತು. ಅವಳು ಒಳಗೆ ಹೋದಳು.

ಆ ಸಂಜೆ ಮೇಷ್ಟ್ರು ಹದಿನಾರು ಜನರ ಮುಂದೆ ನಿಂತು, ಅವಳ ಪ್ರಶ್ನೆಯನ್ನು ಅವಳದೇ ಮಾತಿನಲ್ಲಿ ಹೇಳಿದರು. ತಮಗೆ ಉತ್ತರ ಗೊತ್ತಿರಲಿಲ್ಲ ಎಂದರು. ತಾವು ಮಾಡಿದ್ದನ್ನೂ, ಅದರಿಂದ ಅವಳು ಕಳೆದುಕೊಂಡದ್ದನ್ನೂ ಹೇಳಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಒಂದಿಷ್ಟು ಹಗುರವಾಗುತ್ತಿತ್ತೇನೋ.

“ಅವಳು ಇನ್ನು ಬರ್ತಾಳಾ ಸರ್?” ಹಿಂದಿನ ಬೆಂಚಿನಿಂದ ಯಾರೋ ಕೇಳಿದರು.

“ಗೊತ್ತಿಲ್ಲಮ್ಮ,” ಎಂದರು ಮೇಷ್ಟ್ರು.