ಡಬ್ಬಿಯ ಮೇಲಿನ ಹೆಂಗಸು

ಆ ಮನೆಯ ಕೆಳಗಿನ ತಿರುವಿನಲ್ಲಿ ಬಸ್ಸಿನ ಬ್ರೇಕು ಮೊದಲು ಕಿರುಚುತ್ತದೆ, ಆಮೇಲೆ ಉಸ್ಸೆಂದು ನಿಟ್ಟುಸಿರು ಬಿಡುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ಇದೇ ರಾಗ. ಮೊದಲ ಮಹಡಿಯ ಆ ಮನೆಯವರು ಇದಕ್ಕೆ ಎಷ್ಟು ಒಗ್ಗಿಹೋಗಿದ್ದಾರೆಂದರೆ, ಬಸ್ಸು ಬಂದಾಗ ಮಾತು ನಿಲ್ಲಿಸಿ, ಅದು ಹೋದಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಾರೆ. ಜಗಳವಾಡುವಾಗಲೂ ಅಷ್ಟೇ. ಕಿರುಚಿ ನಿಟ್ಟುಸಿರು ಬಿಡುವ ಹಕ್ಕು ಅಲ್ಲಿ ಬಸ್ಸಿಗೆ ಮಾತ್ರ ಇತ್ತು. ಮನೆಯ ಸೊಸೆ ಒಂದು ಸಲ ಆ ಹಕ್ಕನ್ನು ತಾನೂ ಬಳಸಿಕೊಂಡಳು. ಔಷಧೋಪಚಾರ ಶುರುವಾದದ್ದು ಅಲ್ಲಿಂದ.

ಸೊಸೆಗೆ ಪೇಟೆಯ ಕನ್ನಡಕದ ಅಂಗಡಿಯಲ್ಲಿ ಕೆಲಸ. ಕಣ್ಣು ಪರೀಕ್ಷೆ ಮಾಡುವವರು ಬೇರೆ, ಚಂದದ ಫ್ರೇಮು ತೋರಿಸಿ ಕನ್ನಡಿ ಹಿಡಿಯುವವರು ಬೇರೆ. ಇವಳ ಮೇಜಿಗೆ ಬರುವವರು ಕನ್ನಡಕ ಕೊಂಡುಹೋಗಿ, ಮುಖ ಗಂಟಿಕ್ಕಿಕೊಂಡು ವಾಪಸು ಬಂದವರು. ಮೂಗಿನಿಂದ ಜಾರುತ್ತದೆ, ಕಿವಿಯ ಹಿಂದೆ ಒತ್ತುತ್ತದೆ, ಮೆಟ್ಟಿಲು ಇಳಿಯುವಾಗ ನೆಲವೇ ಅಲೆಯಂತೆ ಏಳುತ್ತದೆ. ಮೇಜಿನ ಮೇಲೆ ಬಿಸಿ ಗಾಜಿನ ಮಣಿಗಳ ಒಂದು ಬೋಗುಣಿ. ಫ್ರೇಮಿನ ಕಡ್ಡಿಯನ್ನು ಅದರಲ್ಲಿ ಹೂತು, ಮೆತ್ತಗಾಗುವ ಗಳಿಗೆ ನೋಡಿ ತೆಗೆದು, ಎರಡು ಬೆರಳಲ್ಲಿ ಬಗ್ಗಿಸಿ, ಬೈಯುತ್ತಿರುವ ಮುಖಕ್ಕೆ ಮೆಲ್ಲಗೆ ತೊಡಿಸುತ್ತಾಳೆ. ಹೊಸ ಕನ್ನಡಕ ಹಾಕಿದ ಮೇಲೆ ಹೆಂಡತಿಗೆ ವಯಸ್ಸಾದಂತೆ ಕಾಣುತ್ತಿದೆಯೆಂದು ಒಬ್ಬಾತ ದೂರು ತಂದಿದ್ದ. ಅವನ ಕಡ್ಡಿಯನ್ನೂ ಸರಿಮಾಡಿ, "ಒಂದು ವಾರ ಹಾಕ್ಕೊಳ್ಳಿ, ಒಗ್ಗುತ್ತೆ" ಎಂದು ಕಳಿಸಿದ್ದಳು. ಆ ಬೀದಿಯವರಿಗೆಲ್ಲ ಅವಳು ಕನ್ನಡಕದಕ್ಕ.

ಸಂಜೆ ಮನೆಗೆ ಬಂದರೆ ಎರಡನೆಯ ಪಾಳಿ. ಅವತ್ತು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಅತ್ತೆ ಬೆನ್ನು ನೀವಿಕೊಂಡು ತೋರಿಸಿದರು, ಗಂಡ ಗುಂಡಿ ಕಿತ್ತ ಅಂಗಿ ತಂದಿಟ್ಟ, ಮೈದುನ ಫೋನಿನಿಂದ ಕಣ್ಣೆತ್ತದೆ "ಅತ್ತಿಗೆ, ಟೀ" ಎಂದ. ಸಿಂಕಿನಲ್ಲಿ ಬೆಳಗಿನ ಪಾತ್ರೆಗಳು ಬೆಳಗ್ಗೆ ಇದ್ದಂತೆಯೇ ಇದ್ದವು. ಅವಳು ಕೈಗೆ ಸಿಕ್ಕ ಸ್ಟೀಲ್ ತಟ್ಟೆಯನ್ನು ನೆಲಕ್ಕೆ ಬಿಟ್ಟಳು. ಎಸೆಯಲಿಲ್ಲ, ಬಿಟ್ಟಳು. ಅದು ಗಿರಗಿರನೆ ಸುತ್ತಿ, ಸುತ್ತಿ, ನಿಧಾನವಾಗಿ ಮಲಗುವವರೆಗೂ ಯಾರೂ ಮಾತಾಡಲಿಲ್ಲ. ಆಮೇಲೆ ಅವಳು "ಸಾಕು" ಎಂದು ಕೂಗಿದಳು. ಹೋಗಿ ಮೆಟ್ಟಿಲ ಮೇಲೆ ಕೂತಳು.

ಒಳಗೆ ಸಭೆ ನಡೆಯಿತು. ಓದುಬರಹವಿಲ್ಲದ ಮನೆಯಾಗಿದ್ದರೆ ಯಾರಾದರೊಬ್ಬರು ಎದ್ದು ಪಾತ್ರೆ ತೊಳೆದುಬಿಡುತ್ತಿದ್ದರು. ಇವರು ತಿಳಿದವರು. ತೊಂದರೆ ಇರುವುದು ಸಿಂಕಿನಲ್ಲಲ್ಲ, ಸೊಸೆಯ ನರಗಳಲ್ಲಿ ಎಂದು ಒಮ್ಮತಕ್ಕೆ ಬಂದರು.

ಗಂಡ ಫೋನಿನಲ್ಲಿ ಓದಿ ಮೆಗ್ನೀಸಿಯಂ ಮಾತ್ರೆಯನ್ನೂ ಮೀನೆಣ್ಣೆಯ ಗುಳಿಗೆಯನ್ನೂ ತಂದ. ಅತ್ತೆ ಒಣಗಿದ ಹಳದಿ ಹೂಗಳನ್ನು ಕುದಿಸಿ ಕುಡಿದರೆ ಮನಸ್ಸು ಹಗುರಾಗುತ್ತದೆಂದು ಯಾರಿಂದಲೋ ಕೇಳಿಬಂದರು. ಕುದಿಸಬೇಕಾದವಳು ಸೊಸೆಯೇ ಎಂಬುದು ಬೇರೆ ಮಾತು. ಮೈದುನ ಒಂದು ಡಬ್ಬಿ ತಂದ. ಅವನು ಮೊದಲು ನೀರಿನ ಫಿಲ್ಟರು ಮಾರಿದ್ದ, ಆಮೇಲೆ ಅಯಸ್ಕಾಂತ ಹೊಲಿದ ಹಾಸಿಗೆ. ಎರಡೂ ಕೈಕೊಟ್ಟ ಮೇಲೆ ಈಗ ಮನುಷ್ಯರ ನೆಮ್ಮದಿಗೆ ಕೈಹಾಕಿದ್ದ. ಡಬ್ಬಿಯೊಳಗೆ ಅಶ್ವಗಂಧದ ಬೇರು, ಇನ್ನೂ ಏನೇನೋ ಎಲೆ ತೊಗಟೆಗಳ ಪುಡಿ. ಡಬ್ಬಿಯ ಮೇಲೆ ಕೆರೆಯ ದಂಡೆಯಲ್ಲಿ ಕಣ್ಣು ಮುಚ್ಚಿ ನಗುತ್ತಿರುವ ಹೆಂಗಸು. ಇವಳ ಮನೆಯಲ್ಲಿ ಪಾತ್ರೆ ಯಾರು ತೊಳೆಯುತ್ತಾರೋ ಎಂದು ಕನ್ನಡಕದಕ್ಕ ಯೋಚಿಸಿದಳು, ಕೇಳಲಿಲ್ಲ.

ಬೇರಿಗೂ ಹೂವಿಗೂ ಬೈಯುವ ಉದ್ದೇಶ ಇಲ್ಲಿಲ್ಲ. ಅವು ತಮ್ಮ ಪಾಡಿಗೆ ಮಣ್ಣಿನಲ್ಲಿ ಬೆಳೆದಿದ್ದವು. ಪಾತ್ರೆ ತೊಳೆದುಕೊಡುತ್ತೇವೆಂದು ಅವು ಯಾರಿಗೂ ಮಾತು ಕೊಟ್ಟಿರಲಿಲ್ಲ. ಅಂಗಡಿಯ ಪಕ್ಕದ ಮೆಡಿಕಲ್ ಶಾಪಿನ ಹುಡುಗಿಯನ್ನು ಅವಳು ಕೇಳಿದ್ದಳು. ಕೆಲವರಿಗೆ ಸ್ವಲ್ಪ ಅನುಕೂಲ ಆಗಬಹುದು, ಆಗದೆಯೂ ಇರಬಹುದು, ಬೇರೆ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಡಾಕ್ಟರನ್ನು ಕೇಳದೆ ಮುಟ್ಟಬಾರದು ಎಂದಿದ್ದಳು ಹುಡುಗಿ. ಕನ್ನಡಕದಕ್ಕ ಮೊದಮೊದಲು ಎಲ್ಲವನ್ನೂ ಚಾಚೂ ತಪ್ಪದೆ ನುಂಗಿದಳು. ಬೈಯುವ ಗಿರಾಕಿಗಳ ಮುಂದೆ ಮೀನಿನ ತೇಗು ಬಂದದ್ದೊಂದೇ ಲಾಭ. ಆಮೇಲೆ ಮಾತ್ರೆಗಳು ಕಪಾಟಿನ ಮೂಲೆ ಸೇರಿದವು, ಪುಡಿ ಕಲಸಿದ ಹಾಲು ಬಾಲ್ಕನಿಯ ಹೂಕುಂಡ ಸೇರಿತು. ಕುಂಡದ ಗಿಡ ಯಾರಿಗೂ ಒಂದು ಮಾತೂ ಆಡದೆ, ಬಲು ಶಾಂತವಾಗಿ, ಬಾಡಿಹೋಯಿತು.

ಅದೇ ದಿನಗಳಲ್ಲಿ ಒಂದು ಸಂಜೆ ಅವಳಿಗೆ ಬಸ್ಸಿನಲ್ಲಿ ಕಣ್ಣು ಹತ್ತಿತು. ತಿರುವಿನ ಕಿರುಚಾಟವೂ ಎಬ್ಬಿಸಲಿಲ್ಲ. ಎಚ್ಚರವಾದಾಗ ಬಸ್ಸು ಖಾಲಿಯಾಗಿತ್ತು, ಕಂಡಕ್ಟರ್ ಎದುರು ನಿಂತಿದ್ದ.

"ಅಕ್ಕಾ, ಕೊನೇ ಸ್ಟಾಪು. ಇಳೀತೀರಾ?"

"ಇದೇ ಬಸ್ಸು ವಾಪಸ್ ಹೋಗುತ್ತಾ?"

"ಹೋಗದೆ ಎಲ್ಲಿಗೆ ಹೋಗುತ್ತೆ? ಡ್ರೈವರ್ ಟೀ ಕುಡಿದು ಬರ್ಲಿ."

"ಹಾಗಾದ್ರೆ ಕೂತಿರ್ತೀನಿ."

"ಕೂತ್ಕೊಳ್ಳಿ. ಸೀಟೇನು ಸವೆಯಲ್ಲ."

ಡ್ರೈವರ್ ಎಂಜಿನ್ ಆರಿಸಿ ಇಳಿದುಹೋದ. ಕಿಟಕಿಯ ಗಾಜುಗಳು ನಡುಗುವುದನ್ನು ನಿಲ್ಲಿಸಿದವು. ಬಿಸಿ ಆರುವ ಕಬ್ಬಿಣ ಎಲ್ಲೋ ಒಮ್ಮೆ ಟಿಕ್ಕೆಂದು ಸುಮ್ಮನಾಯಿತು. ಹೊರಗೆ ಬಯಲು, ಒಂದು ನೀರಿನ ಟ್ಯಾಂಕು, ಟ್ಯಾಂಕಿನ ನೆರಳಿನಲ್ಲಿ ಮಲಗಿದ ನಾಯಿ. ಸಂಜೆಯ ಬಿಸಿಲು ಸಾಲು ಸಾಲು ಖಾಲಿ ಸೀಟುಗಳ ಮೇಲೆ ಒಂದೊಂದಾಗಿ ಕೂತು ಏಳುತ್ತಿತ್ತು. ಅಲ್ಲಿ ಯಾರಿಗೂ ಅವಳಿಂದ ಏನೂ ಬೇಕಿರಲಿಲ್ಲ. ನಾಯಿಗೂ ಬೇಕಿರಲಿಲ್ಲ.

ಮರುದಿನ ಅವಳು ನಿದ್ದೆ ಬಾರದೆಯೇ ಕೊನೆಯ ಸ್ಟಾಪಿಗೆ ಹೋದಳು. ಅದರ ಮರುದಿನವೂ. ತಿಂಗಳುಗಳು ಕಳೆದವು. ಬಸ್ಸುಗಳು ಹೊತ್ತಿಗೆ ಬರುವುದಿಲ್ಲ ಎಂದು ಮನೆಯವರು ಸಾರಿಗೆಯವರಿಗೆ ಶಾಪ ಹಾಕಿದರು. ಅವಳು ಹೌದು ಹೌದೆಂದಳು. ನಿಜ ಹೇಳಬಹುದಿತ್ತು. ಆದರೆ ಆ ಮನೆಯಲ್ಲಿ ಗೊತ್ತಾದದ್ದೆಲ್ಲ ಎಲ್ಲರದೂ ಆಗುತ್ತದೆ. ಅತ್ತೆ ಅಲ್ಲಿಂದ ತರಕಾರಿ ತಾ ಎನ್ನುತ್ತಿದ್ದರು. ಗಂಡ, ಸುಮ್ಮನೆ ಕೂರೋದಕ್ಕೆ ಬಾಲ್ಕನಿ ಸಾಲದಾ ಎನ್ನುತ್ತಿದ್ದ. ಮೈದುನ ಬಸ್ಸಿನಲ್ಲೇ ಡಬ್ಬಿ ಮಾರಲು ಬರುತ್ತಿದ್ದ. ಇಡೀ ದಿನದಲ್ಲಿ ಅವಳದೆಂದು ಇದ್ದದ್ದು ಆ ಅರ್ಧ ಗಂಟೆ. ಅದನ್ನವಳು ಹೇಳದೆ ಕಾಪಾಡಿಕೊಂಡಳು.

ಸೊಸೆ ಶಾಂತಳಾದಳು. ಟೀ ಕೇಳಿದರೆ ಕೊಟ್ಟಳು, ತಟ್ಟೆಯನ್ನು ತಟ್ಟೆಯ ಜಾಗದಲ್ಲಿಟ್ಟಳು. ಈಗ ಕೀರ್ತಿಗಾಗಿ ಕಿತ್ತಾಟ. ಅತ್ತೆ ಹೂವಿನ ನೀರಿನ ಮಹಿಮೆ ಎಂದರು, ಗಂಡ ಮೆಗ್ನೀಸಿಯಂ ಎಂದ. ಗೆದ್ದವನು ಮೈದುನ, ಏಕೆಂದರೆ ಅವನ ಬಳಿ ಮಾರಲು ಸರಕಿತ್ತು. ಗಿರಾಕಿಗಳನ್ನು ಸಂಜೆ ಹೊತ್ತು ಮನೆಗೇ ಕರೆತರಲು ಶುರುಮಾಡಿದ. ಸೋಫಾದಲ್ಲಿ ಕೂರಿಸಿ, ಅಡುಗೆಮನೆಯತ್ತ ಕೈತೋರಿಸಿ, ಮೆಲುದನಿಯಲ್ಲಿ ವಿವರಿಸುತ್ತಿದ್ದ: ಇವರು ಹಿಂದೆ ತಟ್ಟೆ ಎಸೀತಿದ್ರು, ಈಗ ನೋಡಿ. ಗಿರಾಕಿಗಳು ಬಾಗಿಲಲ್ಲಿ ಇಣುಕಿ, ಅವಳು ಈರುಳ್ಳಿ ಹೆಚ್ಚುವುದನ್ನು ನೋಡಿ, ತಲೆದೂಗುತ್ತಿದ್ದರು.

ಒಂದೇ ಅಡಚಣೆ. ಗಿರಾಕಿಗಳು ಬರುವ ಹೊತ್ತಿಗೆ ಪುರಾವೆ ಮನೆಯಲ್ಲಿರುತ್ತಿರಲಿಲ್ಲ, ಹಾಳು ಬಸ್ಸು. ಮೈದುನ ಧಾರಾಳಿ. ಇನ್ನುಮೇಲೆ ಅತ್ತಿಗೆಯನ್ನು ತಾನೇ ಸ್ಕೂಟರಿನಲ್ಲಿ ಕರೆತರುತ್ತೇನೆ ಎಂದ. ಬೇಡವೆನ್ನಲು ಅವಳಿಗೆ ಒಂದು ನೆಪವೂ ಸಿಗಲಿಲ್ಲ. ಬಸ್ಸನ್ನು ಅಷ್ಟು ದಿನ ಬೈದವಳು ತಾನೇ. ಎಂಥ ಮೈದುನ ಎಂದು ಅಕ್ಕಪಕ್ಕದವರು ಕೊಂಡಾಡಿದರು.

ಒಂದು ವಾರ ಅವಳು ಸ್ಕೂಟರಿನಲ್ಲಿ ಬಂದಳು. ದಾರಿಯುದ್ದಕ್ಕೂ ಅವನು ಡಬ್ಬಿಯ ವಿಷಯ ಹೇಳುತ್ತಿದ್ದ. ಹೆಲ್ಮೆಟ್ಟಿನೊಳಗೆ ಅರ್ಧ ಕೇಳುತ್ತಿತ್ತು, ಅರ್ಧವೂ ಹೆಚ್ಚೆನಿಸುತ್ತಿತ್ತು. ವಾರದ ಕೊನೆಗೆ ಅಂಗಡಿಯಲ್ಲಿ ಒಂದು ಫ್ರೇಮು ಬಿಸಿಮಣಿಯಲ್ಲಿ ಹೆಚ್ಚು ಹೊತ್ತು ಉಳಿದು, ಕಡ್ಡಿ ಬತ್ತಿಯಂತೆ ಜೋತುಬಿತ್ತು. ನೆಲ ಅಲೆಯಂತೆ ಏಳುತ್ತದೆಂದು ಬಂದ ಹೆಂಗಸಿಗೆ, "ಒಗ್ಗದಿದ್ರೆ ಕಣ್ಣು ಮುಚ್ಕೊಂಡು ಇಳೀರಿ" ಎಂದಳು ಕನ್ನಡಕದಕ್ಕ. ಇಷ್ಟು ವರ್ಷದಲ್ಲಿ ಆ ಮೇಜಿನಿಂದ ಅಂಥ ಮಾತು ಬಂದಿರಲಿಲ್ಲ. ಮಾಲೀಕರು ಮೃದುವಾಗಿ, ಮನೆಯಲ್ಲಿ ಎಲ್ಲಾ ಸರಿ ಇದೆಯೇ ಎಂದು ವಿಚಾರಿಸಿದರು.

ಮನೆಯಲ್ಲಿ ಎಲ್ಲಾ ಸರಿಯಿತ್ತು. ರಾತ್ರಿ ಅವಳು ಹಾಲಿನ ಲೋಟವನ್ನು ಸದ್ದಾಗುವಂತೆ ಕುಕ್ಕಿದ್ದನ್ನು ಮೈದುನ ಗಮನಿಸಿದ.

"ದೇಹ ಒಗ್ಗಿಬಿಟ್ಟಿದೆ ಅತ್ತಿಗೆ, ಅದಕ್ಕೇ. ನಾಳೆಯಿಂದ ಎರಡು ಚಮಚ."

"ನಾಲ್ಕು ಹಾಕು" ಎಂದಳು ಅವಳು. ಗಿಡ ಹೇಗೂ ಸತ್ತಿತ್ತು.

ಆ ಭಾನುವಾರ ಸಂಜೆ ಹಾಲ್ ತುಂಬ ಜನ. ಬೀದಿಯ ಮಹಿಳೆಯರು, ಗಂಡನ ಆಫೀಸಿನವರಿಬ್ಬರು, ಕೆಳಮನೆಯ ಮೇಷ್ಟ್ರು. ಮೇಷ್ಟ್ರು ನಿವೃತ್ತರಾಗಿ ಕಾಲವಾಗಿತ್ತು. ಹೆಂಡತಿ ಹೋದ ಮೇಲೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮೂಗಿನ ಮೇಲಿನ ಕನ್ನಡಕ ಇವಳೇ ಕೂರಿಸಿಕೊಟ್ಟದ್ದು. ಮೈದುನ ಟೀಪಾಯಿಯ ಮೇಲೆ ಡಬ್ಬಿಗಳ ಗೋಪುರ ಕಟ್ಟಿದ್ದ. ಹತ್ತಾರು ಹೆಂಗಸರು ಹತ್ತಾರು ಕೆರೆಗಳ ದಂಡೆಯಲ್ಲಿ ಕಣ್ಣು ಮುಚ್ಚಿ ನಗುತ್ತಿದ್ದರು. ಅತ್ತಿಗೆ ಎರಡು ಮಾತಾಡಬೇಕು, ಅಷ್ಟೇ, ಎಂದು ಬೆಳಗ್ಗೆಯೇ ಹೇಳಿಟ್ಟಿದ್ದ. ಆಡಿದರೆ ಇಂಥ ಸಂಜೆಗಳು ಇನ್ನು ಎಂದೆಂದಿಗೂ ನಡೆಯುತ್ತವೆ, ತಾನು ಎಂದೆಂದಿಗೂ ಸ್ಕೂಟರಿನ ಹಿಂದೆ ಎಂಬುದು ಅವಳಿಗೆ ಗೊತ್ತಿತ್ತು. ನಿಜ ಹೇಳಿದರೆ ಬಸ್ಸು ಎಲ್ಲರದಾಗುತ್ತದೆ. ಎರಡು ಮಾತನ್ನು ಹೇಗಾದರೂ ಆಡಿ ಮುಗಿಸೋಣ ಎಂದೇ ಅವಳು ಬಂದು ಕೂತದ್ದು.

ಆಗ ಮೇಷ್ಟ್ರು ಡಬ್ಬಿಯನ್ನು ಕೈಗೆತ್ತಿಕೊಂಡು, ದೂರ ಹಿಡಿದು ಹತ್ತಿರ ಹಿಡಿದು ನೋಡಿ, ಕೆಳಗಿಟ್ಟರು. "ಇದರ ಮೇಲೆ ಬರೆದಿರೋದು ನನಗೆ ಬೇಡಪ್ಪ. ಈಯಮ್ಮ ತಗೋ ಅಂದ್ರೆ ತಗೋತೀನಿ."

ಅವಳು ಅವರ ಮೂಗಿನ ಮೇಲೆ ಒಂದೆಳೆ ವಾರೆಯಾಗಿದ್ದ ಕನ್ನಡಕವನ್ನೇ ನೋಡುತ್ತಿದ್ದಳು.

"ಮೇಷ್ಟ್ರೇ, ನೀವು ಬಿಪಿ ಮಾತ್ರೆ ತಗೋತೀರಲ್ವಾ?"

"ಬೆಳಗ್ಗೆ ಒಂದು, ರಾತ್ರಿ ಒಂದು. ಯಾಕಮ್ಮ?"

"ಹಾಗಾದ್ರೆ ಡಾಕ್ಟರನ್ನ ಕೇಳದೆ ಇದನ್ನ ಮುಟ್ಟಬೇಡಿ."

ಮೈದುನ ನಕ್ಕ. ಹಲ್ಲು ಬಿಟ್ಟ ಎನ್ನುವುದು ಹೆಚ್ಚು ಸರಿ. ನೋಡಿದಿರಾ, ಎಷ್ಟು ಸಮಾಧಾನ, ಎಷ್ಟು ಕಾಳಜಿ, ಎಂದು ಜನರ ಕಡೆ ತಿರುಗಿದ. ಆಮೇಲೆ ಗಾಡಿಯನ್ನು ಮತ್ತೆ ದಾರಿಗೆ ತರುವಂತೆ, "ಅತ್ತಿಗೆ, ನಿಮಗೆ ಮೊದಲು ವ್ಯತ್ಯಾಸ ಗೊತ್ತಾಗಿದ್ದು ಯಾವಾಗ, ಅದನ್ನ ಹೇಳಿ" ಎಂದ.

ಮೇಷ್ಟ್ರು ಇನ್ನೂ ಅವಳನ್ನೇ ನೋಡುತ್ತಿದ್ದರು. ಆ ಕಣ್ಣುಗಳಿಗೆ ಸುಳ್ಳು ತೊಡಿಸಿ ಒಗ್ಗುತ್ತೆ ಎನ್ನಲು ಅವಳಿಗೆ ನಾಲಿಗೆ ಏಳಲಿಲ್ಲ.

"ಒಂದಿನ ಬಸ್ಸಲ್ಲಿ ಕಣ್ಣು ಹತ್ತಿತು."

"ನಿದ್ದೆ" ಎಂದ ಮೈದುನ, ಬೆರಳೆತ್ತಿ. "ಮೊದಲನೇ ಲಕ್ಷಣವೇ ಒಳ್ಳೆ ನಿದ್ದೆ."

"ನಮ್ಮ ಸ್ಟಾಪ್ ದಾಟಿ ಹೋಯ್ತು. ಕೊನೇ ಸ್ಟಾಪಿಗೆ ಹೋದೆ. ಆಮೇಲಿಂದ ದಿನಾ ಹೋಗ್ತಿದ್ದೆ. ನಿನ್ನ ಪುಡಿ ಹೂಕುಂಡಕ್ಕೆ ಹಾಕಿದ್ದೀನಪ್ಪ."

ಗಂಡ ಬಾಲ್ಕನಿಯತ್ತ ನೋಡಿದ. ಅತ್ತೆ, ಅಲ್ಲಿ ನಿನಗ್ಯಾರಿದ್ದಾರೆ ಎಂದು ಕೇಳಿದರು. ಮೈದುನ ಒಂದು ಡಬ್ಬಿಯನ್ನು ತಿರುಗಿಸಿ, ಹಿಂಬದಿಯ ಸಣ್ಣಕ್ಷರ ಓದುವವನಂತೆ ಮುಖವನ್ನು ಅದರ ಹಿಂದೆ ಇಟ್ಟುಕೊಂಡ.

"ಯಾರೂ ಇಲ್ಲ ಅತ್ತೆ" ಎಂದಳು ಅವಳು. "ಅದೇ ಅಲ್ಲಿರೋದು."

ಹಾಗಾದರೆ ಅಲ್ಲಿ ಏನಾಗುತ್ತದಮ್ಮ ಎಂದು ಮೇಷ್ಟ್ರು ಕೇಳಿದರು. ನಿದ್ದೆಯಿಲ್ಲದ ಮನುಷ್ಯನಿಗೆ ನಿಜವಾಗಿಯೂ ತಿಳಿಯಬೇಕಿತ್ತು.

ಕೆಳಗಿನ ತಿರುವಿನಲ್ಲಿ ಬ್ರೇಕು ಕಿರುಚಿತು. ಅಭ್ಯಾಸದಂತೆ ಮನೆಯವರೆಲ್ಲ ಮಾತು ನಿಲ್ಲಿಸಿದರು. ಅವಳೊಬ್ಬಳು ನಿಲ್ಲಿಸಲಿಲ್ಲ. ಎದ್ದು, ಮೇಷ್ಟ್ರ ಕನ್ನಡಕದ ಕಡ್ಡಿಯನ್ನು ಬೆರಳ ತುದಿಯಿಂದ ಒಂದಿಷ್ಟು ಎತ್ತಿ ನೇರಮಾಡಿ, ಬಾಗಿಲಿನತ್ತ ನಡೆಯುತ್ತಲೇ ಹೇಳುತ್ತಿದ್ದಳು: "ಏನಿಲ್ಲ ಮೇಷ್ಟ್ರೇ, ಡ್ರೈವರ್ ಎಂಜಿನ್ ಆಫ್ ಮಾಡ್ತಾರೆ. ಮೊದಲು ಕಿಟಕಿ ಗಾಜು ನಡುಗೋದು ನಿಲ್ಲುತ್ತೆ," ಚಪ್ಪಲಿಗೆ ಕಾಲು ತೂರಿಸಿದಳು, "ಆಮೇಲೆ ಸೀಟಿನ ಕಬ್ಬಿಣ ಟಿಕ್ಕನ್ನುತ್ತೆ," ದನಿ ಮೆಟ್ಟಿಲಿಳಿಯತೊಡಗಿತು, "ಅದೂ ನಿಂತ ಮೇಲೆ ಒಂದು ನಿಮಿಷ, ಹೇಗೆ ಹೇಳೋದು, ನಮ್ಮೊಳಗೆ ಇಷ್ಟೊತ್ತು ಓಡ್ತಿದ್ದದ್ದು