ಮಡಚದ ಮಂಡಿಗೆ ಐದು ಸ್ಟಾರ್

ವೈಜಯಂತಿಯ ಬಗ್ಗೆ ಯಾರಾದರೂ ಕೆಟ್ಟದ್ದು ಆಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಾಗೆ ಆಡಿದವರಲ್ಲಿ ನಾನೇ ಮೊದಲನೆಯವಳು ಅನ್ನೋದು ಬೇರೆ ಮಾತು.

ಅವಳು ಫಿಸಿಯೋಥೆರಪಿಸ್ಟ್. ಗ್ರೇಟರ್ ನೋಯ್ಡಾದಲ್ಲಿ ನಮ್ಮ ಫ್ಲ್ಯಾಟಿಗೆ ಹತ್ತಿರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ. ಊರು ರಾಣೇಬೆನ್ನೂರು. ತಂಗಿ ಹರ್ಷಿಣಿ ಸಿ.ಎ. ಕೋಚಿಂಗಿಗೆ ಸೇರಿರುವುದರಿಂದ ಇಬ್ಬರೂ ದಿಲ್ಲಿಯ ಲಕ್ಷ್ಮೀ ನಗರದಲ್ಲಿ ಒಂದು ಕೋಣೆ ಹಿಡಿದಿದ್ದಾರೆ. ಮನೆ ನಡೆಯೋದು ಇವಳೊಬ್ಬಳ ಸಂಬಳದಲ್ಲಿ. ಬೆಳಿಗ್ಗೆ ಮೆಟ್ರೋ ಬದಲಾಯಿಸಿಕೊಂಡು, ಹೆಚ್ಚು ದಿನ ನಿಂತೇ ಬಂದು, ಒಂಬತ್ತಕ್ಕೆಲ್ಲ ಬೇರೆಯವರ ಕೈಕಾಲು ಎತ್ತಲು ಶುರು ಮಾಡುತ್ತಾಳೆ. ಮೂವತ್ತೊಂದು ವರ್ಷಕ್ಕೇ ಅವಳ ಹೆಬ್ಬೆರಳಿನ ಬುಡ ಬಾತುಕೊಂಡಿದೆ. ಅದಕ್ಕೆ ಮುಲಾಮು ಹಚ್ಚಿಕೊಳ್ಳೋಕೂ ಅವಳಿಗೆ ಪುರುಸೊತ್ತಿಲ್ಲ.

ನಮಗೆ ಅವಳ ಪರಿಚಯವಾದದ್ದು ನನ್ನ ಗಂಡ ಇಂದುಶೇಖರ ಇ-ರಿಕ್ಷಾದಿಂದ ಬಿದ್ದು ಮಂಡಿಚಿಪ್ಪು ಮುರಿದುಕೊಂಡಾಗ. ಇವರು ಪುರಾತತ್ವದ ಮೇಷ್ಟ್ರು. ಉತ್ಖನನದ ಗುಂಡಿಯೊಳಗೆ ಕುಕ್ಕರಗಾಲಲ್ಲಿ ಕೂತು, ಬ್ರಷ್ಷಿನಲ್ಲಿ ಮಣ್ಣು ಸರಿಸಿ, ಮಡಕೆಚೂರು ಎತ್ತೋದೇ ಅವರ ಜೀವ. ಹೆಂಡತಿಯ ಮುಖವನ್ನು ಅಷ್ಟು ಹೊತ್ತು ಎಂದೂ ನೋಡಿದವರಲ್ಲ. ಆಪರೇಷನ್ ಆಗಿ, ತಂತಿ ಬಿಗಿದು, ಕೊನೆಗೆ ಕಾಲಿನ ಪಟ್ಟಿ ಬಿಚ್ಚಿದಾಗ ಮಂಡಿ ಐವತ್ತು ಡಿಗ್ರಿ ಮಡಚಿದರೆ ಹೆಚ್ಚು. ಕುಕ್ಕರಗಾಲಿಗೆ ನೂರಮೂವತ್ತಾದರೂ ಬೇಕು ಅಂದಳು ವೈಜಯಂತಿ.

"ಸರ್, ಇನ್ನು ಆರೆಂಟು ವಾರ ಅಷ್ಟೇ ನಮ್ಮ ಕೈಲಿರೋದು. ಆಮೇಲೆ ಒಳಗೆ ಅಂಟಿಕೊಂಡಿದ್ದು ಗಟ್ಟಿಯಾಗಿಬಿಡುತ್ತೆ. ನೋವಾಗುತ್ತೆ. ನನ್ನನ್ನ ಬೈಕೊಳ್ಳಿ, ಪರವಾಗಿಲ್ಲ," ಎಂದು ಮೊದಲ ದಿನವೇ ಹೇಳಿದ್ದಳು. ಹೇಳಿಲ್ಲ ಅಂತ ನಾನು ಹೇಗೆ ಹೇಳಲಿ, ಪಕ್ಕದಲ್ಲೇ ಕೂತಿದ್ದೆ.

ಇವರನ್ನು ಬೋರಲು ಮಲಗಿಸಿ, ಹಿಮ್ಮಡಿ ಹಿಡಿದು, ಪೃಷ್ಠದ ಕಡೆಗೆ ನಿಧಾನ ಒತ್ತುತ್ತಾ ಮೂವತ್ತರವರೆಗೆ ಎಣಿಸುವಳು. ಯಾವ ಭಾಷೆಯ ರೋಗಿಯಾದರೂ ಎಣಿಸೋದು ಕನ್ನಡದಲ್ಲೇ. ಪಕ್ಕದ ಮಂಚದ ಹರಿಯಾಣದ ಮುದುಕ "ಇಪ್ಪತ್ತು" ಬಂದರೆ ಹಲ್ಲು ಕಚ್ಚೋದು ಕಲಿತಿದ್ದ. ನಮ್ಮವರು ಹತ್ತಕ್ಕೇ "ಅಯ್ಯೋ ಸಾಕಮ್ಮಾ" ಅನ್ನುವರು, ಹದಿನೈದಕ್ಕೆ ಕಣ್ಣೀರು. ಅವಳು ಬಿಡುತ್ತಿರಲಿಲ್ಲ. ಎರಡು ವಾರಕ್ಕೆ ಮಂಡಿ ಎಂಬತ್ತು ಡಿಗ್ರಿಗೆ ಬಂತು.

ಆದರೆ ಮನೆಗೆ ಬಂದರೆ ಈ ಮನುಷ್ಯ ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗುವರು. ನನಗೆ ಅವಳ ಮೇಲೆ ಸಿಟ್ಟು ಬಂತು. ನಮ್ಮ ಕಡೆಯ ಹುಡುಗಿ, ಮನೆಯ ಚಟ್ನಿಪುಡಿ ಕೊಟ್ಟಿದ್ದೇನೆ, ಸ್ವಲ್ಪ ಕನಿಕರ ಬೇಡವಾ ಅನ್ನೋದು ನನ್ನ ಲೆಕ್ಕ. ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಅತ್ತರೂ ಬಿಡದೆ ಮಕ್ಕಳಿಂದ ಮಗ್ಗಿ ಹೇಳಿಸುವವಳು. ಆ ಬುದ್ಧಿ ಅವತ್ತು ಎಲ್ಲಿ ಮೇಯೋಕೆ ಹೋಗಿತ್ತೋ.

ಆ ಆಸ್ಪತ್ರೆಯಲ್ಲಿ ಒಂದು ಪದ್ಧತಿ ಇದೆ. ಎರಡು ವಾರಕ್ಕೊಮ್ಮೆ ಒಬ್ಬಳು ಟ್ಯಾಬ್ ಹಿಡಿದು ಬಂದು, "ನಿಮ್ಮ ಇಚ್ಛೆಗೆ ಬೆಲೆ ಸಿಕ್ಕಿತೇ? ಹಿತವೆನಿಸಿತೇ? ಸ್ಟಾರ್ ಕೊಡಿ" ಎಂದು ಸಿಹಿಯಾಗಿ ಕೇಳುತ್ತಾಳೆ. ಗೋಡೆಯ ಮೇಲೂ 'ರೋಗಿಯೇ ನಮ್ಮ ಕೇಂದ್ರ' ಎಂದು ದೊಡ್ಡ ಅಕ್ಷರ. ಗಂಡನ ಪರವಾಗಿ ನಾನೇ ಒತ್ತಿದೆ. ಎರಡು ಸ್ಟಾರ್. ಕೆಳಗೆ, "ಬೇಡವೆಂದರೂ ಕೇಳದೆ ನೋವು ಕೊಡುತ್ತಾರೆ" ಎಂದು ಇಂಗ್ಲಿಷಿನಲ್ಲಿ, ವ್ಯಾಕರಣ ತಪ್ಪದೆ ಬರೆದೆ.

ಮಾರನೆಯ ದಿನದಿಂದ ವೈಜಯಂತಿ ಬೇರೆಯೇ ಆದಳು. "ಸರ್, ಇವತ್ತು ಏನು ಮಾಡೋಣ, ನಿಮಗೆ ಹೇಗೆ ಬೇಕೋ ಹಾಗೆ," ಎಂದಳು. ಇವರು ಬಿಸಿ ಶಾಖ ಸಾಕು ಎಂದರು. ಶಾಖ ಕೊಟ್ಟಳು, ಮಂಡಿಗೆ ಝುಂ ಅನ್ನುವ ಮಿಷನ್ ಹಚ್ಚಿದಳು, ಕಾಲನ್ನು ಬರುವಷ್ಟೇ ಮಡಚಿಸಿ ಇಳಿಸಿದಳು. "ಮನೆಯಲ್ಲಾದರೂ ದಿನಕ್ಕೆ ನಾಲ್ಕು ಸಲ ನೀವೇ ಒತ್ತಿ ಸರ್," ಎನ್ನುವಳು. ಇವರು ತಲೆಯಾಡಿಸಿ ಬರುವರು, ಮನೆಯಲ್ಲಿ ಪೇಪರು ಓದುವರು. ನಾನೂ ಒತ್ತಾಯ ಮಾಡಲಿಲ್ಲ. ನಗುನಗುತ್ತಾ ಇದ್ದಾರಲ್ಲ, ಅಷ್ಟು ಸಾಕು ಅನಿಸಿತ್ತು. ಮುಂದಿನ ಸಲ ಟ್ಯಾಬ್ ಬಂದಾಗ ಐದು ಸ್ಟಾರ್ ಒತ್ತಿದೆ. ಅದರ ಮುಂದಿನ ಸಲವೂ ಐದು.

ಎಂಟನೇ ವಾರ ಮಂಡಿ ತೊಂಬತ್ತರಲ್ಲಿ ನಿಂತಿತು. ಸರ್ಜನ್ ಬಗ್ಗಿಸಿ ನೋಡಿದ, ಅದು ಬಾಗಲಿಲ್ಲ. "ಒಳಗೆ ಅಂಟಿಬಿಟ್ಟಿದೆ. ಮತ್ತೆ ಕೊಯ್ದು ಬಿಡಿಸಬಹುದು, ಆದರೆ ಪೂರ್ತಿ ಬರುತ್ತೆ ಅಂತ ಮಾತು ಕೊಡಲ್ಲ," ಎಂದ. ಕುರ್ಚಿಯಲ್ಲಿ ಕೂರಬಹುದು, ಮೆಟ್ಟಿಲು ಹತ್ತಬಹುದು. ಗುಂಡಿಯಲ್ಲಿ ಕೂರೋದು ಮುಗಿಯಿತು. ಇಂದುಶೇಖರ ಮೇಲೆ ಸರಿಸಿದ್ದ ಪ್ಯಾಂಟಿನ ಕಾಲನ್ನು ಮಂಡಿಯ ಕೆಳಗೆ ಇಳಿಸಿಕೊಂಡರು.

ಅವರನ್ನು ಬಾಗಿಲ ಹತ್ತಿರ ಕೂರಿಸಿ ನಾನು ನೇರ ವೈಜಯಂತಿಯ ಹತ್ತಿರ ಹೋದೆ. ಜಗಳಕ್ಕೇ ಹೋದೆ, ಸುಳ್ಳೇಕೆ ಹೇಳಲಿ.

"ನಿನಗೆ ಗೊತ್ತಿತ್ತಲ್ಲ, ಗೊತ್ತಿದ್ದೂ ಯಾಕೆ ಬಿಟ್ಟೆ?" ಎಂದೆ.

ಅವಳು ಟವೆಲು ಮಡಚುತ್ತಿದ್ದಳು. "ಅಕ್ಕ, ನಿಮ್ಮ ಎರಡು ಸ್ಟಾರ್ ಬಂದ ದಿನ ಸಂಜೆ ನನ್ನನ್ನ ಮೇಲಿನ ಆಫೀಸಿಗೆ ಕರೆದರು. ಅದು ಆ ತಿಂಗಳಲ್ಲಿ ನನಗೆ ಮೂರನೇದು. ಇನ್ನೊಂದು ಬಂದರೆ ಬೇರೆ ಕಡೆ ನೋಡಿಕೊಳ್ಳಿ ಅಂದರು. ಹರ್ಷಿಣಿಯ ಪರೀಕ್ಷೆ ಮುಂದಿನ ವರ್ಷ," ಎಂದಳು. ದನಿ ಏರಿಸಲಿಲ್ಲ.

"ಆಸ್ಪತ್ರೆಯವರಿಗೆ ಮಂಡಿ ಎಷ್ಟು ಡಿಗ್ರಿ ಬಂತು ಅನ್ನೋದು ಬೇಡವಾ?"

"ಅದನ್ನ ನಾನು ದಿನಾ ಬರೀತೀನಿ ಅಕ್ಕ. ಯಾರೂ ಓದಲ್ಲ. ರೋಗಿಯೇ ಕೇಂದ್ರ ಅಂತಾರಲ್ಲ, ಯಾವ ರೋಗಿ? ಇವತ್ತು ಮಂಚದ ಮೇಲೆ ಅಳೋ ಸರ್ರಾ, ಇನ್ನೊಂದು ವರ್ಷಕ್ಕೆ ಗುಂಡಿಗೆ ಇಳಿಯಬೇಕಾದ ಸರ್ರಾ? ಆ ಸರ್ ಹತ್ತಿರ ಟ್ಯಾಬ್ ತಗೊಂಡು ಯಾರು ಹೋಗ್ತಾರೆ? ನಾನು ಅವರ ಪರವಾಗಿ ಮಂಡಿ ಒತ್ತುತ್ತಿದ್ದೆ. ನೀವು ಬೇಡ ಅಂದಿರಿ." ಮಡಚಿದ ಟವೆಲು ಪಕ್ಕಕ್ಕಿಟ್ಟು, "ನಾನೂ ಗಟ್ಟಿಯಾಗಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಈ ವರ್ಷ ಇನ್ಸೆಂಟಿವ್ ಬಂದಿರೋದೂ ನಿಮ್ಮ ಸ್ಟಾರಿನಿಂದಲೇ," ಎಂದಳು. ಹಾಗೆನ್ನುವಾಗ ಅವಳ ಕಣ್ಣು ತುಂಬಿತ್ತು.

ಅಷ್ಟರಲ್ಲಿ ಪರದೆ ಸರಿಸಿ ಒಬ್ಬ ಯುವಕನನ್ನು ಗಾಲಿಕುರ್ಚಿಯಲ್ಲಿ ತಂದರು. ಸರಿಯಾಗಿ ಮೀಸೆ ಬಂದಿಲ್ಲ, ಮಂಡಿಯ ಮೇಲೆ ಹೊಸ ಹೊಲಿಗೆಯ ಗುರುತು. ಜೊತೆಗೆ ತಾಯಿ. ವೈಜಯಂತಿ ಕಣ್ಣೊರೆಸಿಕೊಂಡು ಹಿಂದಿಯಲ್ಲಿ, ಒತ್ತಿ ಮಡಚಿದರೆ ಬೇಗ ಸರಿಹೋಗುತ್ತೆ, ಆದರೆ ನೋವಾಗುತ್ತೆ ಎಂದಳು. ಹುಡುಗ ತಾಯಿಯ ಮುಖ ನೋಡಿದ. ತಾಯಿ "ಬೇಡ ಬೇಡ, ಇವತ್ತು ಬರೀ ಶಾಖ ಕೊಡಿ" ಎಂದಳು.

ನಾನು ತಡೆಯಲಾರದೆ ಆ ತಾಯಿಯ ಹತ್ತಿರ ಹೋದೆ. "ಬೆಹನ್‌ಜಿ, ಒತ್ತಿಸಿಕೊಳ್ಳಿ, ಆಮೇಲೆ ಆಗಲ್ಲ. ಹೊರಗೆ ನನ್ನ ಗಂಡ ಕೂತಿದ್ದಾರೆ, ಬಂದು ನೋಡಿ," ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮಗೆ ಮಕ್ಕಳಿಲ್ಲವಾ?" ಎಂದು ಕೇಳಿದಳು.

ವೈಜಯಂತಿ ಇಬ್ಬರ ಮುಖವನ್ನೂ ನೋಡಲಿಲ್ಲ. ಬಿಸಿನೀರಿನ ಪೆಟ್ಟಿಗೆಯಿಂದ ಶಾಖದ ಚೀಲ ತೆಗೆದು, ಟವೆಲಿನಲ್ಲಿ ಸುತ್ತಿ, ಆ ಹುಡುಗನ ಮಂಡಿಯ ಮೇಲಿಟ್ಟಳು.